ಯುದ್ಧ ಬಂದರೆ ಮೊದಲು ಕರಗುವುದು ಯಾರ ಆಸ್ತಿ?

"ಯುದ್ಧದಿಂದ ಊರು ಬಿಟ್ಟ ಕುಟುಂಬಗಳು ಹೇಗೆ ಬದುಕುತ್ತವೆ? ಗಂಡಸರಿಗೂ ಹೆಂಗಸರಿಗೂ ಕಷ್ಟ ಒಂದೇ ಅಲ್ವಾ?" ಎಂದು ಕೇಳಿದ್ದೀರಿ. ಒಂದೇ ಅಲ್ಲ. ಉತ್ತರ ಶ್ರೀಲಂಕಾದ ಬಗ್ಗೆ ನಾನು ಸ್ವಲ್ಪ ಜಾಸ್ತಿ ಓದಿಕೊಂಡಿದ್ದೇನೆ, ಅಲ್ಲಿಯದನ್ನೇ ಹೇಳುತ್ತೇನೆ.

ಶ್ರೀಲಂಕಾ ಸೇನೆಗೂ ತಮಿಳು ಬಂಡುಕೋರರ ಎಲ್‌ಟಿಟಿಇಗೂ ನಡೆದ ಯುದ್ಧದ ಕೊನೆಯ ಹಂತ, 2009ರ ಶುರುವಿನಲ್ಲಿ ಕಿಳಿನೊಚ್ಚಿ, ಮುಲ್ಲೈತೀವು ಕಡೆಯ ಜನ ಒಂದೇ ಸಲ ಊರು ಬಿಟ್ಟವರಲ್ಲ. ಸೇನೆ ಮುಂದೆ ಬಂದ ಹಾಗೆಲ್ಲ ಗುಡಿಸಲು ಕಿತ್ತುಕೊಂಡು ಮತ್ತೆ ಮತ್ತೆ ಹೊರಟರು. ಪ್ರತಿ ಸಲವೂ ಸಾಮಾನು ಕಡಿಮೆಯಾಯಿತು, ಅಕ್ಕಿಯ ಬೆಲೆ ಏರಿತು. ಕೊನೆಗೆ ಮಾರಲು ಉಳಿದದ್ದು ಚಿನ್ನ. ಯಾರ ಚಿನ್ನ? ತವರಿನವರು ಹಾಕಿ ಕಳಿಸಿದ್ದು. ಗಂಡನ ಜಮೀನನ್ನು ಶೆಲ್ ಬೀಳುವ ಹೊತ್ತಲ್ಲಿ ಯಾರು ಕೊಳ್ಳುತ್ತಾರೆ!

ಗಂಡಸರ ಅಪಾಯವೇ ಬೇರೆ. ಹರೆಯದ ಮಕ್ಕಳನ್ನು ಎಲ್‌ಟಿಟಿಇ ಎಳೆದೊಯ್ಯುತ್ತಿತ್ತು, ಹುಡುಗಿಯರನ್ನೂ ಬಿಡಲಿಲ್ಲ. ಸೇನೆಯ ಕಡೆಗೆ ದಾಟಿ ಬಂದ ಗಂಡಸರನ್ನು ಸೇನೆ ಅನುಮಾನದ ಮೇಲೆ ಹಿಡಿದಿಡುತ್ತಿತ್ತು. ಹಾಗಾಗಿ ರೇಷನ್ ಸಾಲಿನಲ್ಲಿ, ಅಧಿಕಾರಿಗಳ ಮೇಜಿನ ಮುಂದೆ ನಿಲ್ಲುವ ಕೆಲಸ ಹೆಂಗಸರ ಪಾಲಿಗೆ ಬಂತು. ಇದನ್ನೇ 'ಮಹಿಳಾ ಸಬಲೀಕರಣ' ಎಂದು ಬರೆಯುವವರನ್ನು ಕಂಡರೆ ನನಗೆ ರೇಗುತ್ತದೆ.

ಯುದ್ಧ ಮುಗಿದ ಮೇಲಿನದು ಇನ್ನೂ ಗೋಜಲು. ಸುಮಾರು 3 ಲಕ್ಷ ಜನ ಶಿಬಿರಗಳಲ್ಲಿದ್ದರು. ಅವುಗಳಲ್ಲಿ ದೊಡ್ಡದಾದ ಮೆನಿಕ್ ಫಾರ್ಮ್ ಮುಚ್ಚಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಊರಿಗೆ ಮರಳಿದ ಎಷ್ಟೋ ಮನೆಗಳಲ್ಲಿ ಗಂಡ ಇಲ್ಲ, ಸತ್ತಿದ್ದಾನೆ ಅನ್ನುವ ಹಾಗೂ ಇಲ್ಲ. ಅಲ್ಲಿನ ತಮಿಳರ ತೇಸವಳಮೈ ಕಾನೂನಿನ ಪ್ರಕಾರ ಹೆಂಡತಿ ತನ್ನದೇ ಹೆಸರಿನ ಜಮೀನು ಮಾರಬೇಕಾದರೂ ಗಂಡನ ಲಿಖಿತ ಒಪ್ಪಿಗೆ ಬೇಕು. ಕಾಣೆಯಾದವನ ಸಹಿ ಎಲ್ಲಿಂದ ತರುವುದು? ಕೋರ್ಟು ಹತ್ತಬೇಕು. ಮರಣ ಪ್ರಮಾಣಪತ್ರ ಪಡೆದರೆ ದಾರಿ ಸಲೀಸು. ಆದರೆ ಹಲವರು ಅದನ್ನು ಬೇಡವೆಂದರು, ಪಡೆದರೆ ಹುಡುಕಾಟ ಅಲ್ಲಿಗೇ ಮುಗಿದ ಹಾಗಲ್ವಾ? ಸತ್ತಿದ್ದಾನೆ ಎನ್ನದೆ, ಕಾಣೆಯಾಗಿದ್ದಾನೆ ಎಂದಷ್ಟೇ ಹೇಳುವ ಪ್ರಮಾಣಪತ್ರಕ್ಕೆ ಕಾನೂನು ಬಂದದ್ದು 2016ರಲ್ಲಿ.

ಅಷ್ಟರೊಳಗೆ ಮೈಕ್ರೋಫೈನಾನ್ಸ್‌ನವರು ಮನೆ ಬಾಗಿಲಿಗೆ ಬಂದಾಗಿತ್ತು. ಒಡವೆ ಬೇಡ, ಜಮೀನಿನ ಪತ್ರ ಬೇಡ, ಗುಂಪಿನ ಜಾಮೀನು ಸಾಕು. ನಮ್ಮಲ್ಲಿ ಸಂಘದ ಸಾಲ ಕಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ: ಒಂದರ ಕಂತು ಕಟ್ಟಲು ಇನ್ನೊಂದು ಸಾಲ. ಸಾಲದ ಪುಸ್ತಕದಲ್ಲಿದ್ದದ್ದು ಅವಳ ಹೆಸರೇ. 2018ರಲ್ಲಿ ಬರ ಬಿದ್ದ ಜಿಲ್ಲೆಗಳ ಹೆಂಗಸರ ಇಂಥ ಸಾಲವನ್ನು, 1 ಲಕ್ಷ ಶ್ರೀಲಂಕಾ ರೂಪಾಯಿವರೆಗೆ, ಸರ್ಕಾರವೇ ಮನ್ನಾ ಮಾಡಬೇಕಾಗಿ ಬಂತು.