ಎರಡು ವರ್ಷ ಆಯ್ತು, ಇನ್ನೂ ಕಿತ್ತಳೆ ಬೆಲ್ಟ್ ಯಾಕೆ?

ಬೇಸಿಗೆ ಶಿಬಿರ ಮುಗಿದು ಶಾಲೆ ಶುರುವಾದರೆ ಸಾಕು, ಕರಾಟೆ ಕಲಿಸುವ ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಬಳ್ಳಾರಿ, ಕಂಪ್ಲಿ, ಸಿರುಗುಪ್ಪ, ಎಲ್ಲಿಂದ ಬಂದರೂ ಕೇಳುವುದು ಬೆಲ್ಟ್ ಬಗ್ಗೆಯೇ. ಮಗು ಏನು ಕಲಿಯಿತು ಅಂತ ಕೇಳುವವರು ಕಡಿಮೆ. ಅದಕ್ಕೇ ಈ ಸಲ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ನನ್ನ ಮಗ ಎರಡು ವರ್ಷದಿಂದ ಕರಾಟೆಗೆ ಹೋಗುತ್ತಿದ್ದಾನೆ, ಇನ್ನೂ ಕಿತ್ತಳೆ ಬೆಲ್ಟ್. ಪಕ್ಕದ ಮನೆ ಹುಡುಗಿ ಬೇರೆ ಕ್ಲಾಸಲ್ಲಿ ಒಂದೂವರೆ ವರ್ಷಕ್ಕೇ ಬ್ಲ್ಯಾಕ್ ಬೆಲ್ಟ್ ತಗೊಂಡಳು. ಮಾಸ್ಟರ್ ಟೆಸ್ಟಿಗೇ ಕೂರಿಸುತ್ತಿಲ್ಲ. ಕ್ಲಾಸ್ ಬದಲಾಯಿಸಬೇಕಾ?

ಬೇಡ. ಕೂರಿಸದೆ ಇರುವ ಮಾಸ್ಟರನ್ನು ಬಿಡಬೇಡಿ.

ಬೇರೆ ಬೇರೆ ಕ್ಲಾಸಿನ ಬೆಲ್ಟ್‌ಗಳನ್ನು ಪಕ್ಕದಲ್ಲಿಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಬಣ್ಣದ ಸಾಲು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಥರ. ಬಣ್ಣ ಬಿಟ್ಟು ಕ್ಯೂ, ಅಂದರೆ ಬ್ಲ್ಯಾಕ್ ಬೆಲ್ಟಿಗೆ ಮುಂಚಿನ ದರ್ಜೆ, ಎಷ್ಟು ಅಂತ ಕೇಳಿ. ನಮ್ಮಲ್ಲಿ ಬಿಳಿ ಬೆಲ್ಟ್ ಹತ್ತನೇ ಕ್ಯೂ. ಅಲ್ಲಿಂದ ಅಂಕಿ ಇಳಿಯುತ್ತಾ ಬರುತ್ತದೆ. ಕಂದು ಬೆಲ್ಟ್ ಒಂದರಲ್ಲೇ ಮೂರು ಮೆಟ್ಟಿಲು. ಒಂದನೇ ಕ್ಯೂ ದಾಟಿದ ಮೇಲೆ ಶೋದಾನ್, ಅಂದರೆ ಮೊದಲ ದಾನ್, ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆ. ಕೆಳಗಿನ ಬೆಲ್ಟ್‌ಗಳಿಗೆ ನಾನು ಮೂರ್ನಾಲ್ಕು ತಿಂಗಳಾದರೂ ಕಾಯಿಸುತ್ತೇನೆ, ಕಂದು ಬೆಲ್ಟಿನ ಒಂದೊಂದು ಮೆಟ್ಟಿಲಿಗೆ ಆರು ತಿಂಗಳು. ಬಿಡದೆ ಬರುವ ಮಗುವಿಗೂ ಬ್ಲ್ಯಾಕ್ ಬೆಲ್ಟಿಗೆ ನಾಲ್ಕೈದು ವರ್ಷ ಬೇಕೇ ಬೇಕು. ಒಂದೂವರೆ ವರ್ಷದಲ್ಲಿ ಹೇಗೆ ಆಗುತ್ತೆ ಹೇಳಿ?

ಈಗ ಟೆಸ್ಟ್ ವಿಷಯ. ಕಿಹೋನ್ (ಮೂಲ ಹೊಡೆತ, ತಡೆಗಳು), ಕಾತಾ (ಕ್ರಮವಾಗಿ ಜೋಡಿಸಿದ ಚಲನೆಗಳ ಸರಣಿ), ಕುಮಿತೆ (ಎದುರಾಳಿಯ ಜೊತೆ ಸೆಣಸು), ಇವು ಮೂರು ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನಾವು ಏನನ್ನು ನೋಡುತ್ತೇವೆ ಅನ್ನೋದು. ಹಸಿರು ಬೆಲ್ಟಿಗೆ ಬಂದ ಮಗುವಿಗೆ ನಾನು ಮೊದಲು ಹೊಸ ಕಾತಾ ಕೇಳುವುದಿಲ್ಲ. ಶುರುವಿನಲ್ಲಿ ಕಲಿತ ಹೆಯಾನ್ ಶೋದಾನ್ ಅನ್ನೋ ಕಾತಾವನ್ನೇ ಮಾಡಿಸುತ್ತೇನೆ. ಅದರಲ್ಲಿ 21 ಚಲನೆ. 9ನೆಯದಕ್ಕೂ 17ನೆಯದಕ್ಕೂ ಕಿಯಾಯ್ ಕೂಗು. ಎಲ್ಲಿಂದ ಹೊರಟರೋ ಅಲ್ಲಿಗೇ ಬಂದು ನಿಲ್ಲಬೇಕು. ಅದಕ್ಕೇ ಮಗು ನಿಂತ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತೇನೆ.

ಹೋದ ಟೆಸ್ಟಿನಲ್ಲಿ ಒಬ್ಬ ಹುಡುಗ ಚಲನೆ ಒಂದೂ ಮರೆಯಲಿಲ್ಲ. ಕೂಗೂ ಜೋರಾಗಿತ್ತು. ಮುಗಿಸಿ ನಿಂತಾಗ ಗೆರೆ ಅವನ ಹಿಂದೆ ಮೊಳದ ಮೇಲಿತ್ತು. ಹೋಗುವಾಗ ಮೂರು ಅಗೆ ಉಕೆಗೆ (ಕೈ ಮೇಲೆತ್ತಿ ತಡೆಯುವುದು) ಉದ್ದುದ್ದ ಹೆಜ್ಜೆ ಇಟ್ಟಿದ್ದ. ವಾಪಸ್ ಬರುವಾಗ ಮೂರು ಓಯಿ ಜುಕಿ (ಹೆಜ್ಜೆ ಮುಂದಿಟ್ಟು ಕೊಡುವ ಗುದ್ದು) ಹೊಡೆಯುವ ಹೊತ್ತಿಗೆ ತೊಡೆ ಸೋತು ಹೆಜ್ಜೆ ಗಿಡ್ಡವಾಗಿತ್ತು. ಹಿಂದಿನ ಕಾಲಿನ ಹಿಮ್ಮಡಿ ಪ್ರತಿ ಗುದ್ದಿಗೂ ನೆಲ ಬಿಟ್ಟು ಏಳುತ್ತಿತ್ತು. ಹಿಮ್ಮಡಿ ಎದ್ದರೆ ಗುದ್ದಿಗೆ ಬಲ ಎಲ್ಲಿಂದ ಬರಬೇಕು? ಬರೀ ತೋಳಿನದು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ನಾನು ಪಾಸ್ ಮಾಡಲಿಲ್ಲ. ಹುಡುಗ ಅತ್ತ. ನನಗೂ ಆವತ್ತು ರಾತ್ರಿ ಊಟ ಸೇರಲಿಲ್ಲ. ಆದರೆ ಈಗ ಅವನು ಕ್ಲಾಸಿಗೆ ಬಂದ ಕೂಡಲೇ ಸೀಮೆಸುಣ್ಣ ತಗೊಂಡು ತಾನೇ ಗೆರೆ ಎಳೆದುಕೊಳ್ಳುತ್ತಾನೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಚಿಕ್ಕವನಿದ್ದಾಗ ನಾನೂ ಬೇಗ ಬೆಲ್ಟ್ ಹಂಚುವ ಒಂದು ಟೆಸ್ಟಿನಲ್ಲಿ ಕಂದು ಬೆಲ್ಟ್ ತಗೊಂಡವನು. ಬೇರೆ ಊರಿಂದ ಬಂದ ಪರೀಕ್ಷಕರು ನಲವತ್ತು ಮಕ್ಕಳನ್ನು ಒಂದೇ ಸಲ ಸಾಲಾಗಿ ನಿಲ್ಲಿಸಿ, ಅರ್ಧ ಗಂಟೆಯಲ್ಲಿ ಮುಗಿಸಿ, ಎಲ್ಲರಿಗೂ ಬೆಲ್ಟ್ ಕೊಟ್ಟು ಹೋದರು. ಅಪ್ಪ ಆ ಫೀಸಿಗೆ ಸಾಲ ಮಾಡಿದ್ದರು. ಮುಂದಿನ ವರ್ಷ ಬೇರೆ ಗುರುಗಳ ಹತ್ತಿರ ಹೋದೆ. ಅವರು ಒಂದೇ ಒಂದು ಝೆಂಕುತ್ಸು ದಾಚಿ (ಮುಂಗಾಲು ಮಡಿಸಿ ನಿಲ್ಲುವ ಭಂಗಿ) ನಿಲ್ಲಿಸಿ ನೋಡಿ, ಬಿಳಿ ಬೆಲ್ಟ್ ಕೈಗೆ ಕೊಟ್ಟರು. ಅಪ್ಪನಿಗೆ ಅದನ್ನು ಹೇಳೋಕೆ ನನಗೆ ಒಂದು ತಿಂಗಳು ಬೇಕಾಯಿತು.

ನಿಮ್ಮ ಮಾಸ್ಟರನ್ನು ‘ಟೆಸ್ಟ್ ಯಾವಾಗ’ ಅಂತ ಕೇಳಬೇಡಿ. ‘ಇವನಿಗೆ ಏನು ಬರುತ್ತಿಲ್ಲ’ ಅಂತ ಕೇಳಿ. ಒಳ್ಳೆಯ ಮಾಸ್ಟರ್ ಅಲ್ಲೇ ಮಾಡಿ ತೋರಿಸುತ್ತಾರೆ. ಏನೂ ಹೇಳದೆ ‘ಫೀಸ್ ಕಟ್ಟಿ, ನೋಡೋಣ’ ಅಂದರೆ ಮಾತ್ರ ಎದ್ದು ಬನ್ನಿ. ಟೆಸ್ಟ್ ಫೀಸ್, ಬೆಲ್ಟ್, ಸರ್ಟಿಫಿಕೇಟ್, ದಾನ್ ನೋಂದಣಿ, ಎಲ್ಲಕ್ಕೂ ಎಷ್ಟೆಷ್ಟು ಅಂತ ಸೇರುವ ದಿನವೇ ಬರೆಸಿಕೊಳ್ಳಿ.

ಪ್ರಶ್ನೆ: ಬೆಲ್ಟ್ ತೊಳೆಯಬಾರದಂತೆ, ಬಿಳಿ ಬೆಲ್ಟೇ ಬೆವರು ಕುಡಿದು ಕಪ್ಪಾಗುತ್ತಿತ್ತಂತೆ, ನಿಜವಾ?

ಕಟ್ಟುಕಥೆ. ಬಳ್ಳಾರಿ ಬೆವರಿಗೆ, ಧೂಳಿಗೆ ಬೆಲ್ಟ್ ನಾರುತ್ತದೆ, ತೊಳೆಯಿರಿ. ಬೆಲ್ಟ್ ಪದ್ಧತಿ ಕರಾಟೆಗೆ ಬಂದಿದ್ದು ಜೂಡೋದಿಂದ. ಜೂಡೋ ಕಟ್ಟಿದ ಜಿಗೊರೊ ಕಾನೊ 1883ರಲ್ಲಿ ಮೊದಲ ದಾನ್ ಕೊಟ್ಟರು. ಕರಾಟೆಯಲ್ಲಿ ಗುರು ಗಿಚಿನ್ ಫುನಾಕೊಶಿ ಮೊದಲ ಬಾರಿ ಕೊಟ್ಟಿದ್ದು 1924ರಲ್ಲಿ. ಕರಾಟೆ ಹುಟ್ಟಿದ ಓಕಿನಾವಾದ ಹಳೇ ಗುರುಗಳಿಗೆ ಬೆಲ್ಟೇ ಇರಲಿಲ್ಲ.

ಪ್ರಶ್ನೆ: ಬ್ಲ್ಯಾಕ್ ಬೆಲ್ಟ್ ಆದವರು ಪೊಲೀಸ್ ಸ್ಟೇಷನ್ನಿನಲ್ಲಿ ತಮ್ಮ ಕೈಗಳನ್ನು ಆಯುಧ ಅಂತ ನೋಂದಣಿ ಮಾಡಿಸಬೇಕಾ?

ಸುಳ್ಳು. ಇದನ್ನು ಮಕ್ಕಳಿಗೆ ಹೇಳುವ ಮಾಸ್ಟರ್ ಹತ್ತಿರ ಕಳಿಸಬೇಡಿ.

ಪ್ರಶ್ನೆ: ನಮ್ಮ ಕ್ಲಾಸಲ್ಲಿ ಟೆಸ್ಟಿಗೆ ಮಕ್ಕಳ ಕೈಲಿ ಹೆಂಚು ಒಡೆಸುತ್ತಾರೆ. ನೀವು ಯಾಕೆ ಒಡೆಸಲ್ಲ?

ಬೆಳೆಯುವ ಮಕ್ಕಳ ಬೆರಳಿನ ಎಲುಬಿನ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಎಲುಬು ಉದ್ದ ಆಗುವುದು ಅಲ್ಲಿಂದಲೇ. ಅಲ್ಲಿ ಪೆಟ್ಟು ಬಿದ್ದರೆ ಬೆರಳು ಸೊಟ್ಟ ಬೆಳೆಯಬಹುದು. ಶಾಲಾ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಬೀಳುತ್ತೆ ಅಂತ ಏಳು ವರ್ಷದ ಮಗುವಿನ ಕೈಯನ್ನು ಹೆಂಚಿನ ಮೇಲೆ ಇಡಿಸುವವರನ್ನು ಕಂಡರೆ ನನಗೆ ತಡೆಯೋಕಾಗಲ್ಲ. ನನ್ನ ಕ್ಲಾಸಲ್ಲಿ ಹದಿನೆಂಟು ತುಂಬುವವರೆಗೆ ಹೆಂಚಿಲ್ಲ, ಇಟ್ಟಿಗೆಯೂ ಇಲ್ಲ. ಜಾಸ್ತಿ ಭಯ ಅಂತ ಬೇಕಾದರೆ ಅನ್ನಿ.

ಪ್ರಶ್ನೆ: ಬ್ಲ್ಯಾಕ್ ಬೆಲ್ಟ್ ಇದ್ದರೆ ಕ್ರೀಡಾ ಕೋಟಾ ಸಿಗುತ್ತಾ?

ಬೆಲ್ಟಿಗೆ ಅಲ್ಲ. ಅಲ್ಲಿ ನೋಡುವುದು ಪಂದ್ಯಗಳಲ್ಲಿ ಮಾಡಿದ ಸಾಧನೆ.

ಪ್ರಶ್ನೆ: ವಿಡಿಯೊ ನೋಡಿ ಕಲಿತು ಟೆಸ್ಟ್ ಕೊಡಬಹುದಾ?

ಇಲ್ಲ. ಹಿಮ್ಮಡಿ ಎದ್ದಿದ್ದನ್ನು ವಿಡಿಯೊ ನಿಮಗೆ ಹೇಳುವುದಿಲ್ಲ.

ಪ್ರಶ್ನೆ: ಏಪ್ರಿಲ್‌ನಲ್ಲಿ ಟೆಸ್ಟ್ ಇದೆ. ಮಗಳಿಗೆ ಹಿಂದಿನ ದಿನ ಸ್ವಲ್ಪ ಜ್ವರ ಇದ್ದರೆ ಕಳಿಸಬಹುದಾ?

ಕಳಿಸಬೇಡಿ. ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟುವ ತಿಂಗಳು ಅದು. ಬೇಸಿಗೆಯಲ್ಲಿ ನಾನು ಟೆಸ್ಟನ್ನು ಬೆಳಿಗ್ಗೆ ಆರಕ್ಕೆ ಶುರು ಮಾಡಿ ಎಂಟೂವರೆಗೆ ಮುಗಿಸುತ್ತೇನೆ, ನಡುವೆ ಮೂರು ಸಲ ನೀರು ಕುಡಿಸುತ್ತೇನೆ. ಆದರೂ ಜ್ವರ ಬಂದ ಮೈ ತಡೆಯುವುದಿಲ್ಲ. ಮಾಸ್ಟರಿಗೆ ಫೋನ್ ಮಾಡಿ ಹೇಳಿ. ಟೆಸ್ಟ್ ಮತ್ತೆ ಮೂರು ತಿಂಗಳಿಗೆ ಬರುತ್ತದೆ.