‘ಶಲ್ಕರಹಿತ’ ಮೀನೋ, ‘ಹುರುಪೆಯಿಲ್ಲದ’ ಮೀನೋ?

ಪ್ರಶ್ನೆ: ಕನ್ನಡ ಶಾಲೆಯ ಮಕ್ಕಳಿಗಾಗಿ ಮುಂಬಯಿ ಪೇಟೆಯಲ್ಲಿ ಸಿಗುವ ಮೀನುಗಳ ಚಿತ್ರಪಟ ಮಾಡುತ್ತಿದ್ದೇವೆ. ಇಂಗ್ಲಿಷ್ ಪುಸ್ತಕದಲ್ಲಿ ‘ಅಲೆಪಿಡೋಟ್’ ಎಂಬ ಪದವಿದೆ. ಕನ್ನಡದಲ್ಲಿ ಏನೆಂದು ಬರೆಯುವುದು? ಶಿಂಗಾಳಾ (ಕಡಲ ಕ್ಯಾಟ್‌ಫಿಶ್), ವಾಮ್ (ಕಡಲ ಹಾವುಮೀನು), ಮೋರಿ (ಶಾರ್ಕ್), ಬೊಂಬಿಲ್ (ಬಾಂಬೆ ಡಕ್) ಎಲ್ಲಕ್ಕೂ ಅದು ಹೊಂದುತ್ತದೆಯೇ? ಕಪ್ಪೆಗೂ ಹೇಳಬಹುದೇ?
– ಓದುಗರು, ಡೊಂಬಿವಲಿ

ಉತ್ತರ: ‘ಹುರುಪೆಯಿಲ್ಲದ’ ಎಂದೇ ಬರೆಯಿರಿ. ಗ್ರೀಕಿನಲ್ಲಿ ‘ಲೆಪಿಸ್’ ಎಂದರೆ ಹುರುಪೆ, ಅಂದರೆ ಮೀನಿನ ಮೈಮೇಲೆ ಸಾಲಾಗಿರುವ ಪುಟ್ಟ ಬಿಲ್ಲೆ (ಸಂಸ್ಕೃತದಲ್ಲಿ ಶಲ್ಕ); ಮೊದಲಿನ ‘ಅ’ ನಿಷೇಧಾರ್ಥಕ, ನಮ್ಮ ‘ಅಶಕ್ತ’ದಲ್ಲಿರುವಂತೆ. ಚಿಟ್ಟೆ, ಪತಂಗಗಳ ‘ಲೆಪಿಡೋಪ್ಟೆರಾ’ ಎಂಬ ಗಣನಾಮದಲ್ಲೂ ಇದೇ ಬೇರು ಇದೆ. ಅವುಗಳ ರೆಕ್ಕೆ ಮುಟ್ಟಿದರೆ ಬೆರಳಿಗೆ ಹತ್ತುವ ಪುಡಿ ಸೂಕ್ಷ್ಮ ಹುರುಪೆಯೇ.

ಪಠ್ಯಗಳಲ್ಲಿ ಕಾಣುವ ‘ಶಲ್ಕರಹಿತ’ ತಪ್ಪಲ್ಲ. ಆದರೆ ಅಚ್ಚಿನಲ್ಲಿ ಒಂದು ಕೊಂಬು ಹೆಚ್ಚಾದರೆ ಸಾಕು, ಅದು ‘ಶುಲ್ಕರಹಿತ’ವಾಗುತ್ತದೆ. ‘ನಿಃಶುಲ್ಕ’ ಎಂಬ ಫಲಕಗಳನ್ನು ದಿನವೂ ಓದುವ ಮುಂಬಯಿ ಮಕ್ಕಳ ಕಣ್ಣು ‘ನಿಃಶಲ್ಕ’ವನ್ನೂ ಹಾಗೆಯೇ ಓದಿಬಿಡುತ್ತದೆ. ‘ಹುರುಪೆ’ಯಲ್ಲೂ ಒಂದು ಎಚ್ಚರ ಬೇಕು. ಇಲ್ಲಿ ಯಕಾರಾಗಮ ಮಾಡಿ ‘ಹುರುಪೆಯಿಲ್ಲದ’ ಎನ್ನಬೇಕು. ಲೋಪಸಂಧಿ ಮಾಡಿ ‘ಹುರುಪಿಲ್ಲದ’ ಎಂದರೆ ಉತ್ಸಾಹವಿಲ್ಲದ ಮೀನು ಎಂದಾಗುತ್ತದೆ. ‘ಚಿಪ್ಪಿಲ್ಲದ’ ಬೇಡ. ಚಿಪ್ಪು ಎಂದೊಡನೆ ಆಮೆ, ಮರುವಾಯಿ ನೆನಪಾಗುತ್ತವೆ.

‘ಹುರುಪೆಯಿಲ್ಲದ’ ಎಂಬ ಪದ ಹೇಳುವುದು ಆ ಜಾತಿಯ ಹುಟ್ಟುಗುಣವನ್ನು, ಕೈಯಲ್ಲಿರುವ ಮೀನಿನ ಸ್ಥಿತಿಯನ್ನಲ್ಲ. ಪೇಟೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಪಾಪ್ಲೆಟ್ (ಪಾಂಫ್ರೆಟ್) ಮೀನಿನ ಹುರುಪೆ ಬಲು ಸಣ್ಣದು. ಬಲೆಯಲ್ಲಿ, ಐಸಿನಲ್ಲಿ ಉಜ್ಜಿಕೊಂಡು ಉದುರಿ, ಬುಟ್ಟಿಗೆ ಬರುವ ಹೊತ್ತಿಗೆ ಮೈ ನುಣುಪಾಗಿರುತ್ತದೆ. ಅದು ‘ಹುರುಪೆ ಉದುರಿದ’ ಮೀನು. ಮೀನಿನವಳು ಹೆರೆದುಕೊಟ್ಟರೆ ‘ಹುರುಪೆ ತೆಗೆದ’ ಮೀನು.

ಪರೀಕ್ಷೆಗೆ ಹೆರೆಯದ ಮೀನನ್ನೇ ಕೇಳಿ ತನ್ನಿ. ಲೋಳೆ ತೊಳೆದು, ಬಾಲ ಹಿಡಿದು, ಚೂರಿಯ ಬೆನ್ನನ್ನು ಬಾಲದಿಂದ ತಲೆಯ ಕಡೆಗೆ ಎಳೆಯಿರಿ. ಏನೂ ಏಳದಿದ್ದರೆ ಅವಸರದಲ್ಲಿ ತೀರ್ಮಾನಿಸಬೇಡಿ. ಪಕ್ಕದ ಈಜುರೆಕ್ಕೆಯನ್ನು ಎತ್ತಿ ಅದರ ಅಡಿಯನ್ನು ಭೂತಗನ್ನಡಿಯಲ್ಲಿ ನೋಡಿ. ಉಜ್ಜಾಟ ಕಡಿಮೆ ಇರುವ ಆ ಜಾಗದಲ್ಲಿ ಕೆಲವು ಉಳಿದಿರಬಹುದು.

ಶಿಂಗಾಳಾ, ವಾಮ್ ಎರಡೂ ಹುರುಪೆಯಿಲ್ಲದವೇ. ಬೆಳ್ಳಿಪಟ್ಟಿಯಂಥ ವಾಕಟಿಯನ್ನೂ ಸೇರಿಸಿಕೊಳ್ಳಿ. ಮೋರಿಯನ್ನು ಮಾತ್ರ ಸೇರಿಸಬೇಡಿ. ಶಾರ್ಕ್ ಜಾತಿಯ ಅದರ ಮೈಮೇಲೆ ತಲೆಯಿಂದ ಬಾಲಕ್ಕೆ ಕೈಯಾಡಿಸಿದರೆ ನಯ, ಹಿಮ್ಮುಖವಾಗಿ ಆಡಿಸಿದರೆ ಉಪ್ಪುಕಾಗದದಂತೆ ತರಿತರಿ. ಆ ತರಿ ಹಲ್ಲಿನ ರಚನೆಯನ್ನೇ ಹೋಲುವ ಹುರುಪೆಗಳದ್ದು. ಚರ್ಮದಲ್ಲಿ ನೆಟ್ಟಿರುವುದರಿಂದ ಚೂರಿಗೆ ಏಳುವುದಿಲ್ಲ.

ಬೊಂಬಿಲ್ ವಿಚಾರ ಇನ್ನೂ ನವಿರು. ಅದರ ತಲೆಗೂ ಮೈಯ ಮುಂಭಾಗಕ್ಕೂ ಹುರುಪೆಯಿಲ್ಲ, ಬಾಲದ ಕಡೆಯ ಭಾಗದಲ್ಲಿ ತೆಳ್ಳಗಿನ, ಬೇಗ ಉದುರುವ ಹುರುಪೆಗಳಿವೆ. ಚಿತ್ರದ ಕೆಳಗೆ ‘ಮುಂಭಾಗಕ್ಕೆ ಹುರುಪೆಯಿಲ್ಲ’ ಎಂದು ಬರೆದರೆ ಸರಿಯಾಗುತ್ತದೆ.

ಕಪ್ಪೆಗೆ ಧಾರಾಳವಾಗಿ ಹೇಳಬಹುದು. ಆದರೆ ‘ಉಭಯಚರಗಳಿಗೆ ಹುರುಪೆಯಿಲ್ಲ’ ಎಂದು ಸಾರಾಸಗಟು ಬರೆಯಬೇಡಿ. ಎರೆಹುಳುವಿನಂತೆ ಕಾಣುವ, ಕಾಲಿಲ್ಲದ ಸಿಸಿಲಿಯನ್‌ಗಳೂ ಉಭಯಚರಗಳೇ. ಪಶ್ಚಿಮಘಟ್ಟದ ಇಕ್ತಿಯೋಫಿಸ್ ಕುಲದ ಸಿಸಿಲಿಯನ್‌ಗಳಲ್ಲಿ, ಚರ್ಮದ ಉಂಗುರದಂಥ ಮಡಿಕೆಗಳೊಳಗೆ ಪುಟ್ಟ ಹುರುಪೆಗಳು ಹುದುಗಿರುತ್ತವೆ.