ಶಾಸಕರು ಮಸೂದೆಗಳ ವಿಷಯದಲ್ಲಿ ನಿಜವಾಗಿ ಮಾಡುವ ಕೆಲಸವೇನು?

ಶಾಸಕರೇ ಕುಳಿತು ಕಾನೂನು ಬರೆಯುತ್ತಾರೆ ಎಂಬ ಭಾವನೆ ಹಲವರಲ್ಲಿದೆ. ಭಾರತದ ರಾಜ್ಯಗಳಲ್ಲಿ ಹಾಗಿಲ್ಲ. ಬಹುಪಾಲು ಮಸೂದೆಗಳು ಯಾವುದೋ ಇಲಾಖೆಯಲ್ಲಿ ಹುಟ್ಟಿ, ಕಾನೂನು ಇಲಾಖೆಯ ಪರಿಶೀಲನೆ ಮತ್ತು ಸಚಿವ ಸಂಪುಟದ ಒಪ್ಪಿಗೆ ಪಡೆದು, ಸಚಿವರ ಮೂಲಕ ಸದನಕ್ಕೆ ಬರುತ್ತವೆ. ಉಳಿದ ಶಾಸಕರ ಕೆಲಸ ಶುರುವಾಗುವುದು ಅಲ್ಲಿಂದ.

ಮೊದಲು ಓದಬೇಕಾದದ್ದು ಮಸೂದೆಯ ಜೊತೆಗಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆ. ನಂತರ ಖಂಡಗಳು, ಅಂದರೆ ಮಸೂದೆಯ ಒಂದೊಂದು ಕಲಂ. ನಿಯಮ ರೂಪಿಸುವ ಅಧಿಕಾರವನ್ನು ಸರ್ಕಾರಕ್ಕೇ ಬಿಟ್ಟಿರುವ ಖಂಡಗಳನ್ನಂತೂ ಎರಡು ಸಲ ಓದಬೇಕು. ಶುಲ್ಕ, ಗಡುವು, ವಿನಾಯಿತಿಯಂತಹ ಜನರಿಗೆ ನೇರವಾಗಿ ತಟ್ಟುವ ಸಂಗತಿಗಳು ಹೆಚ್ಚಾಗಿ ಅಲ್ಲೇ ಅಡಗಿರುತ್ತವೆ. ತಿದ್ದುಪಡಿ ಬೇಕಿದ್ದರೆ ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟು, ಖಂಡವಾರು ಚರ್ಚೆಯಲ್ಲಿ ಮಂಡಿಸಬೇಕು. ವಿರೋಧ ಪಕ್ಷದವರ ತಿದ್ದುಪಡಿಗಳು ಸಾಮಾನ್ಯವಾಗಿ ಧ್ವನಿಮತದಲ್ಲಿ ಬಿದ್ದುಹೋಗುತ್ತವೆ. ಆದರೂ ಸಚಿವರು ಕೊಟ್ಟ ಉತ್ತರ ನಡವಳಿಯಲ್ಲಿ ದಾಖಲಾಗುತ್ತದೆ. ಅದು ಸಣ್ಣ ಲಾಭವಲ್ಲ.

ಖಾಸಗಿ ಸದಸ್ಯರ ಮಸೂದೆ, ಅಂದರೆ ಸಚಿವರಲ್ಲದ ಶಾಸಕರು ತಾವೇ ತರುವ ಮಸೂದೆ ಮಂಡಿಸುವ ಹಕ್ಕೂ ಇದೆ, ಅಂಗೀಕಾರವಾಗುವುದು ಮಾತ್ರ ಅಪರೂಪ.

ಮತ ಹಾಕುವಾಗ ಸ್ವಾತಂತ್ರ್ಯ ಕಡಿಮೆ. ಪಕ್ಷದ ವಿಪ್ (ಹೇಗೆ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿದವರು 1985ರಲ್ಲಿ ಸಂವಿಧಾನಕ್ಕೆ ಸೇರಿದ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯ ಪ್ರಕಾರ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹೀಗಾಗಿ ಆಡಳಿತ ಪಕ್ಷದವರು ತಕರಾರು ಎತ್ತುವುದು ಶಾಸಕಾಂಗ ಪಕ್ಷದ ಸಭೆಯಲ್ಲಿ, ಅಂದರೆ ಪಕ್ಷದ ಶಾಸಕರಷ್ಟೇ ಸೇರುವ ಸಭೆಯಲ್ಲಿ. ನನ್ನ ಪ್ರಕಾರ ನಿಜವಾದ ಚೌಕಾಸಿಯೂ ಅಲ್ಲೇ ನಡೆಯುತ್ತದೆ.

ಶಾಸನ ಸಭೆ ಒಪ್ಪಿದ ಮೇಲೂ ಸಂವಿಧಾನದ 200ನೇ ವಿಧಿಯಂತೆ ಮಸೂದೆ ರಾಜ್ಯಪಾಲರ ಮುಂದೆ ಹೋಗಬೇಕು. ಅವರು ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂದಿರುಗಿಸಬಹುದು ಅಥವಾ ರಾಷ್ಟ್ರಪತಿಯವರಿಗೆ ಕಾಯ್ದಿರಿಸಬಹುದು.